ಸ್ವಿಚ್‌ಗಳಿಗೂ ಬೇಕು ಒಂದು ಬೀರೂರು ಜಂಕ್ಷನ್

ತರೀಕೆರೆಯಿಂದ ಅಜ್ಜಂಪುರಕ್ಕೆ ರೈಲಿನಲ್ಲೇ ಹೋಗಬೇಕೆಂದರೆ ಬೀರೂರಿಗೆ ಬಂದು ಗಾಡಿ ಬದಲಿಸಬೇಕು. ಕಡೂರಿನ ಕಡೆಯಿಂದ ಬಂದ ಹಳಿ ಬೀರೂರಿನಲ್ಲಿ ಕವಲೊಡೆದು, ಒಂದು ತರೀಕೆರೆಯ ಮೂಲಕ ಶಿವಮೊಗ್ಗಕ್ಕೂ ಇನ್ನೊಂದು ಅಜ್ಜಂಪುರದ ಮೂಲಕ ಹುಬ್ಬಳ್ಳಿಯತ್ತಲೂ ಸಾಗುತ್ತದೆ. ಮರದ ಕೊಂಬೆಗಳಂತೆ, ಊರಿಂದೂರಿಗೆ ಒಂದೇ ಹಾದಿ. ರಸ್ತೆಯ ಮಾತು ಬೇರೆ. ತರೀಕೆರೆ-ಅಜ್ಜಂಪುರ ನಡುವೆ ನೇರ ರಸ್ತೆಯೂ ಇರುವುದರಿಂದ ಒಂದು ಮಾರ್ಗ ಮುಚ್ಚಿದರೆ ಇನ್ನೊಂದುಂಟು.

ಕಚೇರಿಯ ಕಂಪ್ಯೂಟರ್ ಜಾಲಕ್ಕೆ ಈ ಎರಡು ಗುಣಗಳೂ ಬೇಕು. ತಾಲ್ಲೂಕು ಕಚೇರಿಯೊಂದರಲ್ಲಿ ಮೂರು ಸ್ವಿಚ್‌ಗಳಿವೆ ಎಂದಿಟ್ಟುಕೊಳ್ಳೋಣ. ಒಂದು ಕೇಬಲ್ ತುಂಡಾದರೂ ಕೆಲಸ ನಿಲ್ಲದಿರಲೆಂದು ಮೂರನ್ನೂ ಪರಸ್ಪರ ಜೋಡಿಸಿದರೆ ಅಲ್ಲೊಂದು ವರ್ತುಲ ಉಂಟಾಗುತ್ತದೆ. ಈಥರ್ನೆಟ್ ಸಂದೇಶಕ್ಕೆ ಆಯುಷ್ಯದ ಮಿತಿಯಿಲ್ಲ. ಎಲ್ಲರಿಗೂ ಎಂದು ಹೊರಟ ಸಂದೇಶ ವರ್ತುಲದಲ್ಲಿ ಸುತ್ತುತ್ತಲೇ ಇದ್ದು, ಹೊಸ ಸಂದೇಶಗಳೂ ಸೇರಿಕೊಂಡು ಕೆಲವೇ ಕ್ಷಣಗಳಲ್ಲಿ ಜಾಲವೇ ಸ್ತಬ್ಧವಾಗುತ್ತದೆ. ಪಹಣಿಗಾಗಿ ಸರದಿಯಲ್ಲಿ ನಿಂತ ರೈತನಿಗೆ ಕೇಳಿಬರುವುದು 'ಸರ್ವರ್ ಡೌನ್' ಎಂಬ ಮಾತಷ್ಟೇ. ಪಾಪ, ಸರ್ವರ್ ಸರಿಯಾಗಿಯೇ ಇರುತ್ತದೆ!

ಇದಕ್ಕೆ ಪರಿಹಾರ ರೂಪಿಸಿದವರು ಅಮೆರಿಕದ ರೇಡಿಯಾ ಪರ್ಲ್‌ಮನ್. 1985ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ ಸಂಸ್ಥೆಯಲ್ಲಿದ್ದಾಗ ಅವರು ರಚಿಸಿದ 'ಸ್ಪ್ಯಾನಿಂಗ್ ಟ್ರೀ' ವಿಧಾನ 1990ರಲ್ಲಿ 802.1ಡಿ ಎಂಬ ಮಾನಕವಾಯಿತು. ಸ್ವಿಚ್‌ಗಳು ಎರಡು ಸೆಕೆಂಡಿಗೊಮ್ಮೆ ಪರಸ್ಪರ ಮಾಹಿತಿ ರವಾನಿಸಿಕೊಂಡು ತಮ್ಮಲ್ಲೊಂದನ್ನು 'ರೂಟ್' ಅಥವಾ ಬೇರು ಎಂದು ಆರಿಸುತ್ತವೆ. ಬೇರಿಗೆ ಹೋಗುವ ಅತಿ ಅಗ್ಗದ ಹಾದಿಯನ್ನು ಉಳಿಸಿಕೊಂಡು, ವರ್ತುಲ ಉಂಟುಮಾಡುವ ಹೆಚ್ಚುವರಿ ಪೋರ್ಟನ್ನು ತಡೆಹಿಡಿಯುತ್ತವೆ. ಚಾಲ್ತಿಯ ಕೇಬಲ್ ಕೈಕೊಟ್ಟಾಗ ತಡೆಹಿಡಿದ ಪೋರ್ಟ್ ತೆರೆದುಕೊಳ್ಳುತ್ತದೆ. ಹಳೆಯ ವಿಧಾನದಲ್ಲಿ ಇದಕ್ಕೆ 30ರಿಂದ 50 ಸೆಕೆಂಡು ಬೇಕು; 2001ರ 'ರ‍್ಯಾಪಿಡ್' ಆವೃತ್ತಿಯಲ್ಲಿ ಕೆಲವೇ ಸೆಕೆಂಡು. ಸ್ವಿಚ್‌ನಲ್ಲಿ ಸೌಲಭ್ಯವಿದ್ದರೆ ಎರಡನೆಯದನ್ನೇ ಆರಿಸಬೇಕು.

ಎಡವಟ್ಟಾಗುವುದು ಬೇರಿನ ಆಯ್ಕೆಯಲ್ಲಿ. ಆದ್ಯತಾ ಸಂಖ್ಯೆ ಕಡಿಮೆಯಿರುವ ಸ್ವಿಚ್ ಬೇರಾಗುತ್ತದೆ. ಆದರೆ ಕಾರ್ಖಾನೆಯಿಂದ ಬರುವಾಗ ಸಾಮಾನ್ಯವಾಗಿ ಎಲ್ಲದರ ಸಂಖ್ಯೆಯೂ 32768. ಸಮಬಲವಾದಾಗ ಮ್ಯಾಕ್ ವಿಳಾಸ ಚಿಕ್ಕದಿರುವುದು ಗೆಲ್ಲುತ್ತದೆ. ಎಷ್ಟೋ ವೇಳೆ ಅದು ಮೂಲೆಯಲ್ಲಿ ಧೂಳು ಹಿಡಿದ ಅತಿ ಹಳೆಯ ಸ್ವಿಚ್! ಜಂಕ್ಷನ್ನನ್ನು ಬೀರೂರಿನಿಂದ ಕಿತ್ತು ಯಾವುದೋ ಹಾಲ್ಟ್ ನಿಲ್ದಾಣಕ್ಕೆ ಒಯ್ದಂತಾಯಿತು. ಆದ್ದರಿಂದ ಕೇಂದ್ರದ ಸ್ವಿಚ್‌ಗೆ 4096, ಅದಕ್ಕೆ ಬದಲಿಯಾಗಿ ನಿಲ್ಲಬೇಕಾದ್ದಕ್ಕೆ 8192 ಎಂದು ನಾವೇ ನಮೂದಿಸುವುದು ಸೂಕ್ತ. ಈ ಸಂಖ್ಯೆ 4096ರ ಗುಣಕವಾಗಿರಬೇಕು.

ಬೆಳಿಗ್ಗೆ ಕಂಪ್ಯೂಟರ್ ಚಾಲೂ ಮಾಡಿದಾಗ ಜಾಲ ಸಿಗಲು ಅರ್ಧ ನಿಮಿಷ ಹಿಡಿಯುತ್ತದೆಂದು ಕೆಲವರು ಸ್ಪ್ಯಾನಿಂಗ್ ಟ್ರೀಯನ್ನೇ ಆರಿಸಿಬಿಡುವುದುಂಟು. ಇದು ಅಪಾಯಕರ. ಕಂಪ್ಯೂಟರ್ ಜೋಡಿಸಿದ ಪೋರ್ಟ್‌ಗಳನ್ನಷ್ಟೇ 'ಎಡ್ಜ್ ಪೋರ್ಟ್' ಎಂದು ಗುರುತಿಸಿದರೆ ಆ ವಿಳಂಬ ತಪ್ಪುತ್ತದೆ. ಜೊತೆಗೆ 'ಬಿಪಿಡಿಯು ಗಾರ್ಡ್' ಹಾಕಿಟ್ಟರೆ, ಯಾರಾದರೂ ಮೇಜಿನಡಿ ಪುಟ್ಟ ಸ್ವಿಚ್ ಇಟ್ಟು ಅದರ ಎರಡು ತಂತಿಗಳನ್ನು ಗೋಡೆಗೆ ಸಿಕ್ಕಿಸಿದರೂ ಆ ಪೋರ್ಟ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಮಿಕ್ಕ ಕಚೇರಿಯ ಕೆಲಸ ನಡೆದಿರುತ್ತದೆ.