ಚಿತ್ರಕಡತಗಳ ಮರುನಾಮಕರಣ: ಆಯ್ಕೆಸೂಚಕಗಳ ದೋಷವೂ ಪರಿಹಾರವೂ

ತಾಡವೋಲೆಯ ಕಟ್ಟಿನ ದಾರ ಕಡಿದರೂ ಗರಿಯ ಅಂಚಿನ ಅಂಕಿ ಅದರ ಸ್ಥಾನವನ್ನು ತಿಳಿಸುತ್ತದೆ. ಗಣಕದಲ್ಲಿರಿಸಿದ ಛಾಯಾಪ್ರತಿಗಳಿಗೆ ಈ ಆಧಾರವನ್ನು ಒದಗಿಸುವುದು ಕಡತದ ಹೆಸರು. ಆದುದರಿಂದ ಅನೇಕ ಹೆಸರುಗಳನ್ನು ಒಮ್ಮೆಗೇ ಬದಲಿಸುವ ಸ್ಕ್ರಿಪ್ಟ್ ತಪ್ಪಿದಲ್ಲಿ ಗ್ರಂಥದ ಅನುಕ್ರಮವೇ ಕೆಡುತ್ತದೆ.

ಸವದತ್ತಿ ಸೀಮೆಯ ಸಿರಸಂಗಿಯಲ್ಲಿ ತೆಗೆದ ಚಿತ್ರಗಳಿಗೆ ಊರಿನ ಹೆಸರನ್ನು ಮೊದಲಲ್ಲಿ ಸೇರಿಸಬೇಕಾಗಿದೆಯೆಂದು ಭಾವಿಸೋಣ. ‘-ಪಿ ಸಿರಸಂಗಿ’ ಎಂಬುದು ಪೂರ್ವಪದವನ್ನು ಸೂಚಿಸಲಿ; ‘-ಎನ್’ ಎಂಬುದು ಹೆಸರನ್ನು ಬದಲಿಸದೆ ಫಲವನ್ನು ಮಾತ್ರ ತೋರಿಸುವ ಸೂಚಕವಾಗಿರಲಿ. ಶೆಲ್‌ನಲ್ಲಿ ಇವುಗಳನ್ನು ಓದುವುದು ‘ಗೆಟಾಪ್ಟ್ಸ್’ ಎಂಬ ಆದೇಶ. ಇಲ್ಲಿ ಸಂಭವಿಸುವ ದೋಷಗಳು ಮುಖ್ಯವಾಗಿ ನಾಲ್ಕು.

ಒಂದು, ಸ್ಥಾನದೋಷ. ಸೂಚಕವಲ್ಲದ ಮೊದಲ ಪದ ಬಂದೊಡನೆ ಗೆಟಾಪ್ಟ್ಸ್ ಓದುವುದನ್ನು ನಿಲ್ಲಿಸುತ್ತದೆ. ಕಡತಗಳ ಹೆಸರುಗಳ ಅನಂತರ ‘-ಎನ್’ ಬರೆದರೆ ಅದೂ ಕಡತವೆಂದೇ ಎಣಿಕೆಯಾಗುತ್ತದೆ. ಪರೀಕ್ಷೆಯೆಂದು ತಿಳಿದದ್ದು ನಿಜವಾದ ಬದಲಾವಣೆಯಾಗಿ, ಕೊನೆಯಲ್ಲಿ ದೋಷಸೂಚನೆ ಬರುವ ವೇಳೆಗೆ ಹೆಸರುಗಳೆಲ್ಲ ಬದಲಾಗಿರುತ್ತವೆ. ಅಂಚಿನ ಟಿಪ್ಪಣಿಯನ್ನು ಲಿಪಿಕಾರನು ಮೂಲಪಾಠದೊಳಗೆ ಸೇರಿಸಿಬಿಡುವಂತಹ ಪ್ರಮಾದವಿದು.

ಎರಡು, ಸೂಚಕಪಟ್ಟಿಯಲ್ಲಿ ‘ಪಿ’ ಅಕ್ಷರದ ಮುಂದೆ ವಿವರಣಚಿಹ್ನೆ (:) ಇಲ್ಲದಿರುವುದು. ಆಗ ಪೂರ್ವಪದ ಬರಿದಾಗಿ ಉಳಿದು, ‘ಸಿರಸಂಗಿ’ ಎಂಬುದೇ ಕಡತದ ಹೆಸರೆನಿಸುತ್ತದೆ. ಮೂರು, ಓದಿದ ಸೂಚಕಗಳನ್ನು ‘ಶಿಫ್ಟ್’ ಆದೇಶದಿಂದ ತೆಗೆದುಹಾಕದಿರುವುದು. ಆಗ ಸೂಚಕಗಳೂ ಕಡತಗಳ ಸಾಲಿಗೆ ಸೇರುತ್ತವೆ. ನಾಲ್ಕು, ಉದ್ಧರಣಚಿಹ್ನೆಗಳ ಲೋಪ. ಇದರಿಂದ ನಡುವೆ ತೆರಪಿರುವ ಒಂದೇ ಹೆಸರು ಎರಡಾಗಿ ಒಡೆಯುತ್ತದೆ.

ದೋಷವನ್ನು ಗುರುತಿಸಲು, ಸ್ಕ್ರಿಪ್ಟಿಗೆ ಬಂದ ಪ್ರತಿಯೊಂದು ಪದವನ್ನೂ ಆವರಣದೊಳಗಿಟ್ಟು ಮೊದಲು ಮುದ್ರಿಸಿ ನೋಡಬೇಕು. ಪದಚ್ಛೇದ ಸರಿಯಿದೆಯೇ ಎಂಬುದು ಅಲ್ಲಿಯೇ ಗೋಚರಿಸುತ್ತದೆ. ಅಡ್ಡಗೆರೆಯಿಂದ ಮೊದಲಾಗುವ ಹೆಸರುಗಳಿದ್ದಲ್ಲಿ, ಸೂಚಕಗಳು ಮುಗಿದುವೆಂದು ತಿಳಿಸುವ ‘--’ ಚಿಹ್ನೆಯನ್ನು ಅವುಗಳ ಹಿಂದೆ ಇಡಬೇಕು. ಸ್ಕ್ರಿಪ್ಟಿನೊಳಗಿನ ‘ಎಂವಿ’ ಆದೇಶಕ್ಕೂ ಇದು ಅಗತ್ಯ.

ನಾಲ್ಕು ದೋಷಗಳಿಗೂ ಸಲ್ಲುವ ರಕ್ಷಣೆಯೊಂದುಂಟು. ಸೂಚಕಗಳನ್ನು ಓದಿ ಮುಗಿಸಿದ ಮೇಲೆ ಉಳಿದ ಪ್ರತಿಯೊಂದು ಪದವೂ ಇರುವ ಕಡತವೇ ಎಂದು ಪರೀಕ್ಷಿಸಿ, ಒಂದು ಇಲ್ಲದಿದ್ದರೂ ಯಾವ ಹೆಸರನ್ನೂ ಬದಲಿಸದೆ ನಿಲ್ಲುವಂತೆ ಸ್ಕ್ರಿಪ್ಟನ್ನು ರಚಿಸಬೇಕು. ‘ಎಂವಿ’ ಆದೇಶವು ಅದೇ ಹೆಸರಿನ ಹಳೆಯ ಕಡತವನ್ನು ಸಾಮಾನ್ಯವಾಗಿ ಕೇಳದೆಯೇ ಅಳಿಸಿ ಹೊಸದನ್ನಿಡುತ್ತದೆ. ಆದಕಾರಣ ಮೂಲ ಚಿತ್ರಗಳ ಪ್ರತಿಯೊಂದನ್ನು ಬೇರೆಡೆ ಇರಿಸಿ, ಕಾರ್ಯದ ಮೊದಲೂ ಕೊನೆಯಲ್ಲೂ ಕಡತಗಳನ್ನು ಎಣಿಸುವುದು ಉಚಿತ. ಅಳಿದ ಚಿತ್ರವನ್ನು ಮತ್ತೆ ತೆಗೆಯಬಹುದು. ಆದರೆ ಅಷ್ಟರಲ್ಲಿ ಗರಿಯೇ ಶಿಥಿಲವಾಗಿದ್ದರೆ ಪಾಠ ಮರಳಿ ಬಾರದು.