ಗಸಿಯೊಳಗೆ ಅಡಗಿದ ಬೆಂಕಿ

ಕೊಳಚೆ ನೀರು ಮೋರಿ ಸೇರಿ ಕಣ್ಮರೆಯಾದೊಡನೆ ಅದರ ಕಥೆ ಮುಗಿಯಿತೆಂದು ಊರು ನಿಟ್ಟುಸಿರುಬಿಡುತ್ತದೆ. ಕಥೆ ಆರಂಭವಾಗುವುದೇ ಅಲ್ಲಿಂದ. ಶುದ್ಧೀಕರಣ ಘಟಕದಲ್ಲಿ ನೀರು ತಿಳಿಯಾದಷ್ಟೂ ತಳದಲ್ಲಿ ಗಸಿ ಹೆಚ್ಚುತ್ತದೆ. ನೂರರಲ್ಲಿ 95 ಪಾಲಿಗೂ ಹೆಚ್ಚು ನೀರೇ ಇರುವ, ರೋಗಾಣುಗಳು ತುಂಬಿದ ಈ ಕಪ್ಪು ರೊಚ್ಚನ್ನು ಏನು ಮಾಡುವುದು ಎಂಬುದು ನಗರಗಳ ಹಳೆಯ ಚಿಂತೆ.

ಲಂಡನ್ ನಗರ ಸುಲಭದ ದಾರಿ ಹಿಡಿಯಿತು. 1887ರಿಂದ ಗಸಿಯನ್ನು ಹಡಗುಗಳಲ್ಲಿ ತುಂಬಿ ಸಮುದ್ರಕ್ಕೆ ಸುರಿಯತೊಡಗಿತು. ಯುರೋಪಿನ ನಿಷೇಧ ಜಾರಿಗೆ ಬಂದ 1998ರವರೆಗೂ ಈ ಪದ್ಧತಿ ನಡೆಯಿತು. ಆದರೆ ಅದೇ ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದಲ್ಲಿ ಡೊನಾಲ್ಡ್ ಕ್ಯಾಮೆರಾನ್ ಎಂಬ ಎಂಜಿನಿಯರು 1895ರ ಸುಮಾರಿಗೆ ಬೇರೊಂದು ದಾರಿ ತೋರಿಸಿದ್ದರು. ಮುಚ್ಚಿದ ತೊಟ್ಟಿಯಲ್ಲಿ ಕೊಳೆಯುವ ಕೊಳಚೆಯಿಂದ ಏಳುವ ಅನಿಲವನ್ನು ಹಿಡಿದು ಅವರು ದೀಪ ಉರಿಸಿದರು. ಮುಂಬಯಿಯ ಮಾಟುಂಗಾದಲ್ಲಿ 1890ರಲ್ಲಿ ಸ್ಥಾಪನೆಯಾಗಿದ್ದ ಕುಷ್ಠರೋಗಿಗಳ ಆಶ್ರಮದಲ್ಲೂ ಆ ಶತಮಾನ ಮುಗಿಯುವ ಮೊದಲೇ ಇಂಥ ತೊಟ್ಟಿಗಳಿಗೆ ಅನಿಲ ಸಂಗ್ರಾಹಕ ಜೋಡಿಸಲಾಯಿತು. ಆ ಅನಿಲದಿಂದ ಎಂಜಿನ್ ಕೂಡ ಓಡಿತು. ಸಮಾಜ ದೂರವಿಟ್ಟವರ ಅಂಗಳದಲ್ಲಿ, ಸಮಾಜ ದೂರವಿಟ್ಟ ವಸ್ತುವಿನಿಂದಲೇ ಶಕ್ತಿ ಹುಟ್ಟಿತ್ತು.

ಇದರ ಹಿಂದಿನ ತತ್ವ ಸರಳ. ಗಾಳಿ ಸೋಕದಂತೆ ಗಸಿಯನ್ನು ತೊಟ್ಟಿಯಲ್ಲಿಟ್ಟು, ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಕಾಯ್ದುಕೊಂಡರೆ, ಮೂರು ವಾರಗಳ ಆಸುಪಾಸಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಜೀರ್ಣಿಸುತ್ತವೆ. ಒಂದು ಗುಂಪು ಕೊಬ್ಬು, ಪ್ರೋಟೀನು, ಪಿಷ್ಟಗಳನ್ನು ಒಡೆದು ಆಮ್ಲವಾಗಿಸಿದರೆ ಮತ್ತೊಂದು ಗುಂಪಿನ ಸೂಕ್ಷ್ಮಜೀವಿಗಳು ಅದರಿಂದ ಮೀಥೇನ್ ತಯಾರಿಸುತ್ತವೆ. ಕೊಳೆಯಬಲ್ಲ ಘನವಸ್ತುವಿನಲ್ಲಿ ಅರ್ಧದಷ್ಟು ಹೀಗೆ ಕರಗುತ್ತದೆ. ಹೊರಬರುವ ಅನಿಲದಲ್ಲಿ ಮೀಥೇನ್ ಪಾಲು ಶೇಕಡಾ 60ರ ಮೇಲೆ. ಸಗಣಿ ಅನಿಲ ಬಲ್ಲ ರೈತರಿಗೆ ಇದು ಹೊಸದಲ್ಲ. ಎರಡೂ ಒಂದೇ ಕುಲದವು.

ಈ ಕಥೆಯ ಒಂದು ಎಳೆ ಬೆಂಗಳೂರಿಗೂ ಬಂದಿದೆ. 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬ ರಸಾಯನ ತಜ್ಞರು, ಹಿಂದಿನ ಗಸಿಯನ್ನು ಚೆಲ್ಲದೆ ಹೊಸ ಕೊಳಚೆಗೆ ಬೆರೆಸಿ ಗಾಳಿ ಊದಿದರೆ ವಾರಗಳ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆಂದು ತೋರಿಸಿದರು. ಹಾಲಿಗೆ ಹೆಪ್ಪು ಹಾಕಿದಂತೆ. ಅವರಿಗೆ ಈ ಹಾದಿ ಸೂಚಿಸಿದ ಗಿಲ್ಬರ್ಟ್ ಫೌಲರ್ ಕೆಲವೇ ವರ್ಷಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿ 1921ರಲ್ಲಿ ಆರಂಭವಾದ ಜೀವರಸಾಯನ ವಿಭಾಗದ ಮೊದಲ ಮುಖ್ಯಸ್ಥರೂ ಅವರೇ. ಇಂದು ಜಗತ್ತಿನ ದೊಡ್ಡ ನಗರಗಳು ನೆಚ್ಚಿರುವುದು ಬಹುಮಟ್ಟಿಗೆ ಈ ವಿಧಾನವನ್ನೇ.

ಆದರೆ ಗಾಳಿ ಊದಲು ವಿದ್ಯುತ್ ಬೇಕು. ಗಸಿಯೂ ಹೇರಳವಾಗಿ ಬರುತ್ತದೆ. ಒಂದು ತೊಡಕಿಗೆ ಇನ್ನೊಂದರಲ್ಲೇ ಪರಿಹಾರವಿದೆ. ಗಸಿಯ ಅನಿಲದಿಂದ ಯಂತ್ರ ಓಡಿಸಿ, ಅದರ ಬಿಸಿಯಿಂದ ತೊಟ್ಟಿಯನ್ನು ಬೆಚ್ಚಗಿಡಬಹುದು. ಆಸ್ಟ್ರಿಯಾದ ಸ್ಟ್ರಾಸ್ ಎಂಬಲ್ಲಿನ ಘಟಕ 2005ರ ಹೊತ್ತಿಗೆ ತಾನು ಬಳಸುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ತಾನೇ ಉತ್ಪಾದಿಸಿತು. ಅಮೆರಿಕದ ಮಿಲ್ವಾಕಿ ನಗರ 1926ರಿಂದಲೂ ಒಣಗಿಸಿದ ಗಸಿಯನ್ನು ಗೊಬ್ಬರವಾಗಿ ಮಾರುತ್ತಿದೆ.

ಹಾಗೆಂದು ಕಸವೆಲ್ಲ ರಸವಾಗುವುದಿಲ್ಲ. ಕಾರ್ಖಾನೆಯ ತ್ಯಾಜ್ಯ ಅದೇ ಮೋರಿಗೆ ಸೇರಿದರೆ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಗಸಿಯಲ್ಲಿ ಉಳಿದು, ಗೊಬ್ಬರದ ಮೂಲಕ ಹೊಲಕ್ಕೆ ಇಳಿಯುತ್ತವೆ. ಜಂತುಹುಳುವಿನ ಮೊಟ್ಟೆಗಳು ಸಾಧಾರಣ ಬಿಸಿಗೆ ಸಾಯುವುದಿಲ್ಲ. ಸೋರಿದ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಹಲವು ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಮೋರಿಗೆ ಏನು ಸೇರಬಾರದು ಎಂಬ ಶಿಸ್ತಿಲ್ಲದೆ ಈ ವಿದ್ಯೆ ಫಲ ಕೊಡದು.

ಎಲ್ಲಕ್ಕಿಂತ ಮಿಗಿಲಾದ ಮಾತು ಮನುಷ್ಯರದು. ತೊಟ್ಟಿಯಲ್ಲಿ ಹಿಡಿದಿಟ್ಟರೆ ದೀಪವಾಗುವ ಮೀಥೇನ್ ಮ್ಯಾನ್‌ಹೋಲಿನಲ್ಲಿ ಉಸಿರು ಕಟ್ಟಿಸುತ್ತದೆ. ಜೊತೆಗಿರುವ ಹೈಡ್ರೋಜನ್ ಸಲ್ಫೈಡ್ ಕ್ಷಣದಲ್ಲಿ ಕೊಲ್ಲುತ್ತದೆ. ಕರ್ನಾಟಕದಲ್ಲಿ 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಲಾಯಿತು. ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ, ಇನ್ನೂ ಬಿಗಿಯಾದದ್ದು 2013ರಲ್ಲಿ. ಆದರೂ ಗುಂಡಿಗಿಳಿದವರ ಸಾವು ನಿಂತಿಲ್ಲ.

ಒಳಚರಂಡಿಯಿಲ್ಲದ ಊರುಗಳಿಗೆ ದೇವನಹಳ್ಳಿ ಒಂದು ಮಾದರಿ. ಅಲ್ಲಿ 2015ರಲ್ಲಿ ಆರಂಭವಾದ ಘಟಕಕ್ಕೆ ಮನೆಗಳ ಶೌಚಗುಂಡಿಯ ಗಸಿಯನ್ನು ಯಂತ್ರದಿಂದ ಹೀರಿ ವಾಹನದಲ್ಲಿ ತರಲಾಗುತ್ತದೆ. ಅದನ್ನು ಜೀರ್ಣಿಸಿ, ಒಣಗಿಸಿ ಗೊಬ್ಬರ ಮಾಡುವ ವ್ಯವಸ್ಥೆಯಿದೆ. ಇಂಥ ಘಟಕದ ಲಾಭವನ್ನು ಅನಿಲದ ಅಳತೆಯಿಂದಷ್ಟೇ ಲೆಕ್ಕ ಹಾಕಲಾಗದು. ಗಸಿಗೆ ಬೆಲೆ ಬಂದರೆ ಅದನ್ನು ಸಾಗಿಸಲು ಯಂತ್ರವೂ ಬರುತ್ತದೆ. ಯಂತ್ರ ಬಂದಲ್ಲಿ ಮನುಷ್ಯ ಗುಂಡಿಗೆ ಇಳಿಯಬೇಕಿಲ್ಲ.