ಮೈಕಿಗೆ ಕರೆಂಟು, ಮೀಟರಿಗೆ ಕಣ್ಣು: ತಾಳಮದ್ದಳೆ ರೆಕಾರ್ಡಿಂಗಿನ ಕೆಲವು ತಪ್ಪು ನಂಬಿಕೆಗಳು

ಪತ್ತನಾಜೆಗೆ ತಿರುಗಾಟ ಮುಗಿಸಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಊರಿನ ಭಾಗವತರು, ಅರ್ಥಧಾರಿಗಳು ಮುಂಬಯಿ ಕಡೆ ಬರುತ್ತಾರೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಸಂಘಗಳ ಸಭಾಗೃಹಗಳಲ್ಲಿ, ದೇವಸ್ಥಾನಗಳಲ್ಲಿ ಶನಿವಾರ, ಭಾನುವಾರ ತಾಳಮದ್ದಳೆ ಏರ್ಪಾಡಾಗುತ್ತದೆ. ವೇದಿಕೆಯ ಮೂಲೆಯಲ್ಲಿ ಯಾರೋ ಒಬ್ಬ ಉತ್ಸಾಹಿ ತರುಣ ನಾಲ್ಕೋ ಆರೋ ಟ್ರ್ಯಾಕಿನ ಸಣ್ಣ ರೆಕಾರ್ಡರ್ ಇಟ್ಟುಕೊಂಡು ಕೂತಿರುತ್ತಾನೆ. ಅವನ ಕೆಲಸ ಸಣ್ಣದಲ್ಲ. ಪ್ರಸಂಗದ ಪದ್ಯಗಳು ಪುಸ್ತಕದಲ್ಲಿ ಅಚ್ಚಾಗಿರುತ್ತವೆ, ಅರ್ಥ ಮಾತ್ರ ಆ ಹೊತ್ತಿಗೆ ಆ ಬಾಯಲ್ಲಿ ಹುಟ್ಟಿದ್ದು. ಅದೇ ಕರ್ಣ, ಅದೇ ಕಲಾವಿದ, ಮರುವಾರ ಬೇರೆ ಊರಿನಲ್ಲಿ ಕೂತರೆ ಮಾತು ಬೇರೆಯೇ ಆಗುತ್ತದೆ. ಕೆಟ್ಟುಹೋದ ರೆಕಾರ್ಡಿಂಗಿಗೆ ಎರಡನೆಯ ಅವಕಾಶವಿಲ್ಲ. ಹಾಗಿದ್ದೂ ಎಷ್ಟೋ ರೆಕಾರ್ಡಿಂಗುಗಳು ಕೆಡುತ್ತಿರುವುದು ಒಳ್ಳೆಯ ಯಂತ್ರವಿಲ್ಲದೆ ಅಲ್ಲ, ಒಬ್ಬರ ಬಾಯಿಂದ ಒಬ್ಬರಿಗೆ ದಾಟಿಬಂದ ಕೆಲವು ನಂಬಿಕೆಗಳಿಂದ.

"48 ವೋಲ್ಟ್ ಹಾಕಬೇಡಿ, ಡೈನಮಿಕ್ ಮೈಕ್ ಸುಟ್ಟುಹೋಗುತ್ತದೆ"

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು ಇದು. ತಾಳಮದ್ದಳೆಯಲ್ಲಿ ಅರ್ಥಧಾರಿಗಳ ಮುಂದೆ ಡೈನಮಿಕ್ ಮೈಕುಗಳು, ಭಾಗವತರ ಮುಂದೆ ಒಂದು ಕಂಡೆನ್ಸರ್ ಮೈಕ್ ಇದ್ದಾಗ ತೊಡಕು ಶುರುವಾಗುತ್ತದೆ. ಕಂಡೆನ್ಸರಿಗೆ ಆ 48 ವೋಲ್ಟ್, ಅಂದರೆ ಮೈಕಿನ ಕೇಬಲಿನಲ್ಲೇ ಹೋಗುವ ಫ್ಯಾಂಟಮ್ ಪವರ್, ಬೇಕೇ ಬೇಕು, ಆದರೆ ಅನೇಕ ರೆಕಾರ್ಡರುಗಳಲ್ಲಿ, ಅಗ್ಗದ ಮಿಕ್ಸರುಗಳಲ್ಲಿ ಎಲ್ಲ ಇನ್‌ಪುಟ್‌ಗಳಿಗೂ ಸೇರಿ ಒಂದೇ ಸ್ವಿಚ್ಚು. ಹೆದರಿ ಸ್ವಿಚ್ಚನ್ನೇ ಮುಟ್ಟದೆ, ಭಾಗವತರ ಹಾಡನ್ನು ಪಕ್ಕದವರ ಮೈಕಿನಲ್ಲಿ ದೂರದಿಂದ ಹಿಡಿದ ರೆಕಾರ್ಡಿಂಗುಗಳನ್ನು ಕೇಳಿ ಬೇಸರವಾಗಿದೆ.

ಆಗುವುದು ಇಷ್ಟೇ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲಿನಲ್ಲಿ ಒಂದನೆಯ ಪಿನ್ ನೆಲ. ಎರಡು, ಮೂರನೆಯ ಪಿನ್ನುಗಳ ಮೇಲೆ ಧ್ವನಿ ಹರಿಯುತ್ತದೆ. ಈ ಎರಡಕ್ಕೂ ತಲಾ 6.8 ಕಿಲೋ ಓಮ್‌ನ ರೆಸಿಸ್ಟರ್ ಮೂಲಕ 48 ವೋಲ್ಟ್ ಕೊಡುತ್ತಾರೆ. ಡೈನಮಿಕ್ ಮೈಕಿನ ಸುರುಳಿಯ ಎರಡು ತುದಿಗಳು ಈ ಎರಡು ಪಿನ್ನುಗಳಲ್ಲಿರುತ್ತವೆ. ಎರಡೂ ಕಡೆ ಅಷ್ಟೇ ವೋಲ್ಟೇಜು. ಒಂದೇ ಮಟ್ಟದ ಎರಡು ಕೆರೆಗಳ ನಡುವೆ ತೂಬು ತೆರೆದರೂ ನೀರು ಹರಿಯದು, ಹಾಗೆಯೇ ಸುರುಳಿಯೊಳಗೆ ಕರೆಂಟು ಹರಿಯುವುದಿಲ್ಲ. ಶೂರ್ ಎಸ್‌ಎಂ 58ರಂಥ ಮೈಕಿಗೆ ಫ್ಯಾಂಟಮ್ ಇದೆಯೋ ಇಲ್ಲವೋ ಗೊತ್ತೂ ಆಗುವುದಿಲ್ಲ.

48 ಎಂಬ ಅಂಕಿಗೂ ಒಂದು ಕಥೆಯಿದೆ. 1966ರಲ್ಲಿ ಜರ್ಮನಿಯ ನಾಯ್‌ಮನ್ ಕಂಪನಿ ನಾರ್ವೆಯ ರೇಡಿಯೋ ಸಂಸ್ಥೆಗೆ ಟ್ರಾನ್ಸಿಸ್ಟರ್ ಮೈಕುಗಳನ್ನು ಮಾಡಿಕೊಡುವಾಗ, ಅಲ್ಲಿನ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟಿನ ಲೈನು ಮೊದಲೇ ಇತ್ತು. ಅದನ್ನೇ ಮೈಕಿಗೂ ಬಳಸಿಕೊಂಡರು. ಅದು ಮುಂದೆ ಲೋಕದ ಮಾನದಂಡವಾಯಿತು.

ಹಾಗಾದರೆ ಅಪಾಯ ಇಲ್ಲವೇ ಎಂದರೆ, ಇದೆ. ಅದು ಮೈಕಿನಲ್ಲಿಲ್ಲ, ಕೇಬಲಿನಲ್ಲಿದೆ. ಗಡಿಬಿಡಿಯಲ್ಲಿ ಬೆಸುಗೆ ಹಾಕಿದ ಕೇಬಲಿನಲ್ಲಿ ಎರಡನೆಯದೋ ಮೂರನೆಯದೋ ಪಿನ್ನು ನೆಲಕ್ಕೆ ತಾಗಿದ್ದರೆ ಆ ಸಮತೋಲ ತಪ್ಪುತ್ತದೆ. ಹಳೆಯ ರಿಬ್ಬನ್ ಮೈಕಿನ ತೆಳುಪಟ್ಟಿ ಆಗ ಹಾಳಾಗಬಹುದು. ಕೀಬೋರ್ಡು, ಲ್ಯಾಪ್‌ಟಾಪು, ಶ್ರುತಿಪೆಟ್ಟಿಗೆಯ ಔಟ್‌ಪುಟ್ಟನ್ನು ಪಿ-38 ಜ್ಯಾಕಿನಿಂದ ಎಕ್ಸ್‌ಎಲ್‌ಆರ್‌ಗೆ ಬದಲಿಸುವ ಕೇಬಲಿನಲ್ಲಿ ತಂದು ಫ್ಯಾಂಟಮ್ ಇರುವ ಇನ್‌ಪುಟ್ಟಿಗೆ ಚುಚ್ಚಿದರೆ ಆ ಉಪಕರಣ ಕೆಡಬಹುದು. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ನೇರವಾಗಿ ಕೂಡಿಸುವ ಅಭ್ಯಾಸ ನಮ್ಮಲ್ಲಿ ಹೆಚ್ಚು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಕೂಡಿಸಲೇಬೇಕೆಂದಿದ್ದರೆ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಇರಲಿ.

ಇನ್ನೊಂದು ಶಿಸ್ತು: ಕೇಬಲ್ ಚುಚ್ಚುವ, ಕೀಳುವ ಮೊದಲು ಫ್ಯಾಂಟಮ್ ಆಫ್ ಮಾಡಿ ಹತ್ತು ಸೆಕೆಂಡು ಕಾಯಬೇಕು. ಇಲ್ಲದಿದ್ದರೆ ಹೆಡ್‌ಫೋನಿನಲ್ಲಿ, ಸ್ಪೀಕರಿನಲ್ಲಿ ಬರುವ 'ಢಬ್' ಸದ್ದು ಕಿವಿಗೂ ಕೇಡು, ಸ್ಪೀಕರಿಗೂ ಕೇಡು.

"ಹಾಲ್‌ನ ಮಿಕ್ಸರಿನಿಂದ ಒಂದು ಲೈನು ತೆಗೆದುಕೊಂಡರೆ ಮುಗಿಯಿತು"

ಥಾಣೆಯ ಗಡ್ಕರಿ ರಂಗಾಯತನ, ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ಕಲಾಮಂದಿರ, ಕಲ್ಯಾಣದ ಆಚಾರ್ಯ ಅತ್ರೆ ರಂಗಮಂದಿರ, ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹ, ಇವೆಲ್ಲ ದೊಡ್ಡ ರಂಗಮಂದಿರಗಳು. (1843ರಲ್ಲಿ ಸಾಂಗ್ಲಿಯಲ್ಲಿ 'ಸೀತಾ ಸ್ವಯಂವರ' ಆಡಿಸಿದ ಆ ಭಾವೆಯವರಿಗೆ ಪ್ರೇರಣೆಯಾದದ್ದು ಕರ್ನಾಟಕದಿಂದ ಹೋಗಿದ್ದ ಭಾಗವತ ಮೇಳದ ಆಟ ಎಂಬುದನ್ನು ಮರಾಠಿ ರಂಗಭೂಮಿಯ ಚರಿತ್ರೆಯೇ ಹೇಳುತ್ತದೆ. ಅವರ ಹೆಸರಿನ ರಂಗದಲ್ಲಿ ಚೆಂಡೆಯ ದನಿ ಕೇಳುವುದು ನನಗಂತೂ ಸಂತೋಷದ ವಿಷಯ.) ಇಂಥ ಕಡೆ ಸೌಂಡಿನವರು ತಮ್ಮ ಮಿಕ್ಸರಿನ ಔಟ್‌ಪುಟ್ ಕೊಡಲು ಸಾಮಾನ್ಯವಾಗಿ ಒಪ್ಪುತ್ತಾರೆ. ಅದನ್ನು ತೆಗೆದುಕೊಳ್ಳಿ, ಆದರೆ ಅದೊಂದನ್ನೇ ನಂಬಬೇಡಿ.

ಹಾಲ್‌ನ ಮಿಶ್ರಣ ತಯಾರಾಗುವುದು ಹಾಲ್‌ನ ಕಿವಿಗೆ. ಚೆಂಡೆ ತಾನೇ ಸಾಕಷ್ಟು ಜೋರಾಗಿರುವುದರಿಂದ ಅದಕ್ಕೆ ಮೈಕೇ ಇಟ್ಟಿರುವುದಿಲ್ಲ, ಇಟ್ಟರೂ ತೀರಾ ತಗ್ಗಿಸಿರುತ್ತಾರೆ. ಸಭೆಯಲ್ಲಿ ಕೂತವರಿಗೆ ಎಲ್ಲ ಸರಿಯಾಗಿ ಕೇಳುತ್ತದೆ. ರೆಕಾರ್ಡಿಂಗಿನಲ್ಲಿ ಮಾತ್ರ ಚೆಂಡೆ ಯಾವುದೋ ಬೇರೆ ಕೋಣೆಯಲ್ಲಿ ಬಾರಿಸಿದಂತೆ, ಅರ್ಥ ಮೂಗಿನ ಹತ್ತಿರ ಹೇಳಿದಂತೆ. ಆದ್ದರಿಂದ ಆ ಲೈನಿಗೆ ಎರಡು ಟ್ರ್ಯಾಕು ಕೊಟ್ಟು, ಉಳಿದವುಗಳಲ್ಲಿ ಚೆಂಡೆ, ಮದ್ದಳೆಗೆ, ಸಭೆಗೆ ನಮ್ಮದೇ ಮೈಕು ಇಡಬೇಕು.

ಜೊತೆಗೆ, ಮಿಕ್ಸರಿನಿಂದ ಬರುವುದು ಲೈನ್ ಮಟ್ಟದ ಸಿಗ್ನಲ್. ವೃತ್ತಿಪರ ಮಿಕ್ಸರಿನಲ್ಲಿ ಸೊನ್ನೆ ಎಂದರೆ ಸುಮಾರು 1.23 ವೋಲ್ಟು, ಮೈಕಿನಿಂದ ಬರುವುದು ಮಿಲಿವೋಲ್ಟುಗಳ ಲೆಕ್ಕ. ರೆಕಾರ್ಡರಿನ ಮೈಕ್ ಇನ್‌ಪುಟ್ಟಿಗೆ ಅದನ್ನು ನೇರ ಕೊಟ್ಟರೆ ಗೇನ್ ಪೂರ್ತಿ ಇಳಿಸಿದರೂ ಒಡೆಯಬಹುದು. ಲೈನ್ ಇನ್‌ಪುಟ್ ಆರಿಸಬೇಕು, ಇಲ್ಲವೇ ಮಟ್ಟ ಇಳಿಸುವ ಪ್ಯಾಡ್ ಹಾಕಬೇಕು. ಆ ಇನ್‌ಪುಟ್ಟಿಗೆ ಫ್ಯಾಂಟಮ್ ಇರಕೂಡದು. ಎಲ್ಲಕ್ಕೂ ಒಂದೇ ಸ್ವಿಚ್ಚಿರುವ ಯಂತ್ರವಾದರೆ ಇಲ್ಲಿಯೂ ನಡುವೆ ಟ್ರಾನ್ಸ್‌ಫಾರ್ಮರ್ ಬೇಕು. ಇನ್ನು ಮಿಕ್ಸರಿನ ಸೊನ್ನೆಯೂ ರೆಕಾರ್ಡರಿನ ಸೊನ್ನೆಯೂ ಒಂದೇ ಎಂದುಕೊಳ್ಳುವವರಿದ್ದಾರೆ. ಮಿಕ್ಸರಿನ ಸೊನ್ನೆ ಕೆಲಸದ ಮಟ್ಟ, ಅದರ ಮೇಲೆ ಇನ್ನೂ ಜಾಗವಿರುತ್ತದೆ. ಡಿಜಿಟಲ್ ರೆಕಾರ್ಡರಿನ ಸೊನ್ನೆ ಛಾವಣಿ, ಅದರ ಮೇಲೆ ಏನೂ ಇಲ್ಲ. ಅಲ್ಲಿನ ಸೊನ್ನೆ ಇಲ್ಲಿ ಮೈನಸ್ 18, ಮೈನಸ್ 20ರ ಆಸುಪಾಸಿಗೆ ಬರುವಂತೆ ಹೊಂದಿಸಿಕೊಳ್ಳುವುದು ರೂಢಿ.

"ಕೆಂಪು ದೀಪದ ಹತ್ತಿರ ಹೋದಷ್ಟೂ ರೆಕಾರ್ಡಿಂಗ್ ಚೆನ್ನ"

ಕ್ಯಾಸೆಟ್ ಕಾಲದಲ್ಲಿ ಇದು ನಿಜವಾಗಿತ್ತು. ಟೇಪಿಗೆ ತನ್ನದೇ 'ಸ್ಸ್' ಎಂಬ ಸದ್ದಿತ್ತು, ಮಟ್ಟ ತಗ್ಗಿದರೆ ಮಾತು ಅದರಲ್ಲಿ ಮುಳುಗುತ್ತಿತ್ತು. ಮಟ್ಟ ಮೀರಿದಾಗ ಟೇಪು ಒಮ್ಮೆಲೇ ಕೈಕೊಡುತ್ತಿರಲಿಲ್ಲ, ಮೆಲ್ಲನೆ ಮಂಕಾಗುತ್ತಿತ್ತು. ಮುಂಬಯಿಯ ಮನೆಗಳ ಕಪಾಟಿನಲ್ಲಿರುವ ಹಳೆಯ ತಾಳಮದ್ದಳೆ ಕ್ಯಾಸೆಟ್ಟುಗಳನ್ನು ತುಂಬಿಕೊಟ್ಟವರು ಮುಳ್ಳನ್ನು ಸೊನ್ನೆಯ ಬಳಿ ಇಟ್ಟದ್ದು ಸರಿಯೇ. ಆ ಪಾಠ ಡಿಜಿಟಲ್ ಯಂತ್ರಕ್ಕೆ ಹೊಂದುವುದಿಲ್ಲ.

ಒಂದು ಬಿಟ್ಟಿಗೆ ಸುಮಾರು 6 ಡಿಬಿ. 16 ಬಿಟ್ಟಿನಲ್ಲಿ 96 ಡಿಬಿ ಹರಹು, 24 ಬಿಟ್ಟಿನಲ್ಲಿ ಲೆಕ್ಕದ ಪ್ರಕಾರ 144. ಮೇಲೆ 18 ಡಿಬಿ ಖಾಲಿ ಬಿಟ್ಟರೆ ಕಳೆದುಕೊಳ್ಳುವುದು ಮೂರೇ ಬಿಟ್ಟು. ಉಳಿದ 21 ಬಿಟ್ಟು ಸಿಡಿಗಿಂತ ಎಷ್ಟೋ ಮೇಲು. ಮೀರಿದರೆ ಅಲೆಯ ತಲೆಯೇ ಕತ್ತರಿಸಿಹೋಗುತ್ತದೆ, ಯಾವ ಸಾಫ್ಟ್‌ವೇರೂ ಅದನ್ನು ನಿಜವಾಗಿ ಮರಳಿ ತರಲಾರದು. ಸಾಧಾರಣ ಮಾತು ಮೈನಸ್ 18ರ ಸುತ್ತ ಆಡುತ್ತಿರಲಿ, ಶಿಖರಗಳು ಮೈನಸ್ 10, ಮೈನಸ್ 6 ದಾಟದಿರಲಿ.

ತಾಳಮದ್ದಳೆಯಲ್ಲಿ ಇದಕ್ಕೆ ವಿಶೇಷ ಕಾರಣವಿದೆ. 'ಹಲೋ, ಮೈಕ್ ಟೆಸ್ಟಿಂಗ್' ಎನ್ನುವಾಗಿನ ದನಿ ಒಂದು. ಪೀಠಿಕೆಯಲ್ಲಿ ಸಮಾಧಾನದಿಂದ ಪಾತ್ರ ಕಟ್ಟುವಾಗಿನ ದನಿ ಇನ್ನೊಂದು. ಎದುರಾಳಿ ಮಾತಿಗೆ ಮಾತು ಕೊಟ್ಟು ಸಂವಾದ ಕಾವೇರಿದಾಗಿನ ದನಿ ಬೇರೆಯೇ. ಪೀಠಿಕೆಗೆ ಹೊಂದಿಸಿದ ಗೇನು ಸಂವಾದಕ್ಕೆ ನಿಲ್ಲುವುದಿಲ್ಲ, ಒಡೆಯುವುದು ಯಾವಾಗಲೂ ಅತ್ಯುತ್ತಮ ಘಳಿಗೆಯಲ್ಲೇ. ವಾಲಿಯ ಆಕ್ಷೇಪಕ್ಕೆ ರಾಮ ಉತ್ತರ ಕೊಡುವ ಹೊತ್ತಿಗೆ ಗೇನ್ ತಿರುಗಿಸುತ್ತ ಕೂರುವುದಕ್ಕಿಂತ ಮೊದಲೇ 12 ಡಿಬಿ ಜಾಗ ಬಿಟ್ಟಿರುವುದು ಮೇಲು.

"ಮೀಟರ್ ಕೆಂಪಾಗಲಿಲ್ಲ, ಹಾಗಾಗಿ ಧ್ವನಿ ಒಡೆದಿಲ್ಲ"

ಮೀಟರು ತನಗೆ ತಲುಪಿದ್ದನ್ನಷ್ಟೇ ಅಳೆಯುತ್ತದೆ. ಚೆಂಡೆಗೆ ಒಂದಡಿ ದೂರದಲ್ಲಿ ಸೂಕ್ಷ್ಮ ಕಂಡೆನ್ಸರ್ ಇಟ್ಟರೆ ಮೈಕಿನ ಒಳಗಿನ ಸರ್ಕ್ಯೂಟೇ ತಾಳಲಾರದೆ ಒಡೆಯಬಹುದು. ರೆಕಾರ್ಡರಿನಲ್ಲಿ ಗೇನ್ ತಗ್ಗಿಸಿದಾಗ ಮೀಟರು ಮೈನಸ್ 15 ತೋರಿಸುತ್ತ ಹಸಿರಾಗಿಯೇ ಇರುತ್ತದೆ, ಒಡೆದ ಧ್ವನಿ ಅಚ್ಚುಕಟ್ಟಾಗಿ ದಾಖಲಾಗುತ್ತದೆ. ಮದ್ದು ಇರುವುದು ಮೈಕಿನ ಬಳಿ: ಅದರಲ್ಲಿ ಪ್ಯಾಡ್ ಇದ್ದರೆ ಹಾಕಿ, ದೂರ ಹೆಚ್ಚಿಸಿ. ದೂರ ಇಮ್ಮಡಿಯಾದರೆ ನೇರ ಧ್ವನಿ ಸುಮಾರು 6 ಡಿಬಿ ಇಳಿಯುತ್ತದೆ. ಚೆಂಡೆಗೆ ಡೈನಮಿಕ್ ಮೈಕೇ ಸಾಕು ಎಂಬುದು ನನ್ನ ಅಭಿಪ್ರಾಯ. ಕಂಡೆನ್ಸರ್ ಭಾಗವತರಿಗೆ ಇರಲಿ.

ಮೀಟರು ಹೇಳದ ಇನ್ನೊಂದು ಸಂಗತಿ ನಮ್ಮ ಮಳೆಗಾಲದ್ದು. ಕಂಡೆನ್ಸರ್ ಮೈಕನ್ನು ಎಸಿ ಕಾರಿನಿಂದ ಜುಲೈ ತಿಂಗಳ ಗಾಳಿಗೆ ತೆಗೆದರೆ, ಕ್ಯಾಪ್ಸೂಲಿನ ಮೇಲೆ ಕೂತ ಪಸೆ ಅತಿ ಹೆಚ್ಚಿನ ರೋಧದ ಆ ಸರ್ಕ್ಯೂಟಿನಲ್ಲಿ ವಿದ್ಯುತ್ತನ್ನು ಸೋರಿಸುತ್ತದೆ. ಒಗ್ಗರಣೆಯ ಸಾಸಿವೆ ಸಿಡಿದಂತೆ ಚಟಪಟ ಸದ್ದು ಬರುತ್ತದೆ. ಎಷ್ಟೋ ಜನ ಇದನ್ನು ಫ್ಯಾಂಟಮ್ ಪವರಿನ ದೋಷವೆಂದು ತಿಳಿದು ರೆಕಾರ್ಡರನ್ನೇ ದೂರುತ್ತಾರೆ. ಮೈಕನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬಿಯಲ್ಲಿಟ್ಟು, ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲೇ ಹೊರತೆಗೆದು, ಪವರ್ ಕೊಟ್ಟು ಕೋಣೆಯ ಹವೆಗೆ ಹೊಂದಿಕೊಳ್ಳಲು ಬಿಡಬೇಕು. ಇದಲ್ಲದೆ ರೈಲು ಹಳಿಯ ಬಳಿಯ ಹಾಲುಗಳಲ್ಲಿ ಲೋಕಲ್ ಹಾದುಹೋಗುವ ಗುಡುಗುಡು, ಫ್ಯಾನಿನ ಗಾಳಿ, ಕೆಟ್ಟ ಅರ್ಥಿಂಗಿನ 50 ಹರ್ಟ್ಸ್ ಗುಂಯ್ ಸದ್ದು, ಇವೂ ಮೀಟರಿನಲ್ಲಿ ಬೇರೆಯಾಗಿ ಕಾಣವು. ಮಾತಿನ ಮೈಕುಗಳಿಗೆ 80 ಹರ್ಟ್ಸ್‌ನ ಲೋ ಕಟ್ ಹಾಕಿದರೆ ಗುಡುಗುಡು ಬಹಳ ಮಟ್ಟಿಗೆ ಇಳಿಯುತ್ತದೆ. ಮದ್ದಳೆಗೆ ಹಾಕಬೇಡಿ.

"ಹೆಡ್‌ಫೋನಿನಲ್ಲಿ ಸಣ್ಣಗೆ ಕೇಳುತ್ತಿದೆ, ಗೇನ್ ಏರಿಸು"

ಹೆಡ್‌ಫೋನಿನ ವಾಲ್ಯೂಮ್ ನಿಮ್ಮ ಕಿವಿಗೆ, ಗೇನ್ ಕಾರ್ಡಿನಲ್ಲಿ ಬರೆಯುವುದಕ್ಕೆ. ಎರಡಕ್ಕೂ ಸಂಬಂಧವಿಲ್ಲ. ಚೆಂಡೆಯ ಪಕ್ಕ ಕೂತವನಿಗೆ ಹೆಡ್‌ಫೋನು ಸಣ್ಣಗೆ ಕೇಳುವುದು ಸಹಜ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ತಂದುಕೊಳ್ಳಿ, ಸಾಧ್ಯವಾದರೆ ವೇದಿಕೆಯಿಂದ ದೂರ ಕೂತುಕೊಳ್ಳಿ. ಮಟ್ಟ ನೋಡಲು ಕಣ್ಣು, ಗುಣ ನೋಡಲು ಕಿವಿ.

"ಕಾಲರ್ ಮೈಕಿಗೂ ಅದೇ ಫ್ಯಾಂಟಮ್"

ಅಲ್ಲ. 3.5 ಮಿಲಿಮೀಟರ್ ಜ್ಯಾಕಿನ ಕಾಲರ್ ಮೈಕಿಗೆ ಬೇಕಾದದ್ದು ಪ್ಲಗ್-ಇನ್ ಪವರ್, ಸಾಮಾನ್ಯವಾಗಿ 2ರಿಂದ 5 ವೋಲ್ಟ್. ಸುಮ್ಮನೆ ಪಿನ್ ಬದಲಿಸುವ ಅಡಾಪ್ಟರಿನಲ್ಲಿ ಅದನ್ನು 48 ವೋಲ್ಟಿಗೆ ಕೂಡಿಸಿದರೆ ಮೈಕ್ ಸಾಯಬಹುದು. ವೋಲ್ಟೇಜ್ ಇಳಿಸುವ ಅಡಾಪ್ಟರೇ ಬೇಕು.

"ಬ್ಯಾಟರಿ ಉಳಿಯಲಿ, 24 ವೋಲ್ಟ್ ಸಾಕು"

ಕೆಲವು ರೆಕಾರ್ಡರುಗಳಲ್ಲಿ 12, 24, 48 ಎಂದು ಆಯ್ಕೆಯಿರುತ್ತದೆ. 9ರಿಂದ 52 ವೋಲ್ಟ್ ತನಕ ಯಾವುದಾದರೂ ಸರಿ ಎನ್ನುವ ಮೈಕುಗಳೂ ಇವೆ, ಎಕೆಜಿ ಸಿ 1000 ಎಸ್ ಅಂಥದ್ದು. ಆದರೆ 48ಕ್ಕೆಂದೇ ಮಾಡಿದ ಮೈಕಿಗೆ 24 ಕೊಟ್ಟರೆ ಅದು ಮೌನವಾಗಬಹುದು, ಇಲ್ಲವೇ ಸಣ್ಣ ಮಾತಿಗೆ ಸರಿಯಿದ್ದು ಭಾಗವತರು ಮೇಲಿನ ಷಡ್ಜಕ್ಕೆ ಹೋದಾಗ ಬೇಗ ಒಡೆಯಬಹುದು. ಉಳಿತಾಯದ ಚಿಂತೆ ಸುಳ್ಳಲ್ಲ. ತಲಾ 4 ಮಿಲಿಆಂಪಿಯರ್ ಎಳೆಯುವ ನಾಲ್ಕು ಮೈಕುಗಳಿಗೆ 48 ವೋಲ್ಟಿನಲ್ಲಿ ಮುಕ್ಕಾಲು ವ್ಯಾಟ್ ಬೇಕು. 2000 ಮಿಲಿಆಂಪಿಯರ್-ಅವರ್‌ನ ನಾಲ್ಕು ಪೆನ್ಸಿಲ್ ಸೆಲ್ಲುಗಳಲ್ಲಿ ಇರುವುದು 9.6 ವ್ಯಾಟ್-ಅವರ್. ನಾಲ್ಕು ಗಂಟೆಯ ಪ್ರಸಂಗದಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ಮೈಕುಗಳೇ ತಿನ್ನುತ್ತವೆ. ವೋಲ್ಟೇಜ್ ಇಳಿಸುವ ಬದಲು ಯುಎಸ್‌ಬಿ ಇರುವ ರೆಕಾರ್ಡರಿಗೆ ಪವರ್‌ಬ್ಯಾಂಕ್ ಕೂಡಿಸಿ, ಸೆಲ್ಲುಗಳನ್ನು ಆಪತ್ತಿಗೆಂದು ಒಳಗೇ ಬಿಡಿ.

"32 ಬಿಟ್ ಫ್ಲೋಟ್ ಇದೆ, ಇನ್ನು ಮೀಟರ್ ನೋಡಬೇಕಿಲ್ಲ"

2019ರಲ್ಲಿ ಜೂಮ್ ಎಫ್6 ರೆಕಾರ್ಡರ್ ಬಂದ ಮೇಲೆ ಈ ಮಾತು ಹುಟ್ಟಿತು. ಫೈಲಿನ ಹರಹು 1500 ಡಿಬಿಗೂ ಮಿಕ್ಕಿದ್ದು ನಿಜ, ಸೊನ್ನೆ ದಾಟಿದ್ದನ್ನು ಆಮೇಲೆ ಇಳಿಸಿಕೊಳ್ಳಬಹುದೆಂಬುದೂ ನಿಜ. ಒಬ್ಬಂಟಿಯಾಗಿ ಆರು ಟ್ರ್ಯಾಕ್ ನೋಡಿಕೊಳ್ಳುವವನಿಗೆ ಇದು ವರವೇ. ಆದರೆ ಆ ಹರಹು ಫೈಲಿನದು, ಮೈಕಿನದಲ್ಲ. ಮೈಕು ಒಡೆದರೆ, ಕಾಲರ್ ಮೈಕು ಬಟ್ಟೆಗೆ ಉಜ್ಜಿದರೆ, ಪಸೆ ಚಟಪಟಿಸಿದರೆ, ಫ್ಯಾಂಟಮ್ ಹಾಕುವುದೇ ಮರೆತಿದ್ದರೆ, ಯಂತ್ರ ಅದನ್ನೆಲ್ಲ ಅಷ್ಟೇ ನಿಷ್ಠೆಯಿಂದ ಬರೆದಿಡುತ್ತದೆ.

"ಟ್ರ್ಯಾಕ್ ಬೇರೆ ಬೇರೆ ಇದೆಯಲ್ಲ, ಆಮೇಲೆ ಸರಿಮಾಡೋಣ"

ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಒತ್ತೊತ್ತಾಗಿ ಕೂರುತ್ತಾರೆ. ಒಬ್ಬರ ಮೈಕಿನಲ್ಲಿ ಪಕ್ಕದವರ ಮಾತೂ ಎಲ್ಲರ ಮೈಕಿನಲ್ಲಿ ಚೆಂಡೆಯೂ ತುಂಬಿರುತ್ತದೆ. ಒಂದು ಟ್ರ್ಯಾಕು ಕೆಟ್ಟಿದ್ದರೆ ಅದನ್ನು ಮುಚ್ಚಿದರೂ ಆ ಧ್ವನಿಯ ನೆರಳು ಉಳಿದ ಟ್ರ್ಯಾಕುಗಳಲ್ಲಿ ಇದ್ದೇ ಇರುತ್ತದೆ, ಬೇಕಾದ ಸ್ಪಷ್ಟತೆಯಂತೂ ಎಲ್ಲೂ ಇರುವುದಿಲ್ಲ. ಬಾಯಿಗೂ ಮೈಕಿಗೂ ಇರುವ ಅಂತರದ ಮೂರು ಪಟ್ಟಾದರೂ ಪಕ್ಕದ ಮೈಕು ದೂರವಿರಲಿ ಎಂಬುದು ಹಳೆಯ ಸೂತ್ರ: ಬಾಯಿಂದ ಒಂದು ಗೇಣು ದೂರದಲ್ಲಿ ಮೈಕಿದ್ದರೆ, ಮೈಕಿನಿಂದ ಮೈಕಿಗೆ ಮೂರು ಗೇಣು. ಸಂಘಟಕರಿಗೆ ಕುರ್ಚಿ ಹಾಕುವ ಮೊದಲೇ ಹೇಳಬೇಕು, ಕಲಾವಿದರು ಕೂತ ಮೇಲೆ ಸರಿಯಿರಿ ಎನ್ನುವುದು ಚೆಂದವಲ್ಲ.

ಆರಂಭದಲ್ಲಿ ಚೆಂಡೆ ಮೊಳಗುವಾಗ ಚೆಂಡೆಯ ಟ್ರ್ಯಾಕನ್ನೊಂದೇ ಸೋಲೊ ಮಾಡಿ ಕೇಳಿ. ಭಾಗವತರು ಸ್ತುತಿ ಎತ್ತಿಕೊಂಡಾಗ ಅವರದನ್ನು, ಆಮೇಲೆ ಒಬ್ಬೊಬ್ಬ ಅರ್ಥಧಾರಿ ಬಾಯಿ ತೆರೆದಂತೆ ಅವರವರದನ್ನು ಕೇಳಿ. ಒಂದೊಂದಕ್ಕೆ ಅರ್ಧ ನಿಮಿಷ ಸಾಕು. ಕೇಬಲಿನ ಕರಕರ, ಪಸೆಯ ಚಟಪಟ, ಮರೆತ ಸ್ವಿಚ್ಚು, ಎಲ್ಲವೂ ಆ ಅರ್ಧ ನಿಮಿಷದಲ್ಲಿ ಸಿಕ್ಕಿಬೀಳುತ್ತವೆ, ಸಂವಾದ ಶುರುವಾಗುವುದಕ್ಕೆ ಆಗ ಇನ್ನೂ ಹೊತ್ತಿರುತ್ತದೆ.